ಜಗತ್ತಿನ ಸಭೆಯಲ್ಲಿ ಮೂರು ನಿಮಿಷ

ರಗಳೆಗೆಲ್ಲ ಮೂಲ ವಸಂತನ ಬೋಳು ತಲೆ.

ಸಿಂಗಸಂದ್ರದ ಪಿಳ್ಳಮ್ಮನ ಮೊಮ್ಮಗ ವಸಂತ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವವನು. ಭಾನುವಾರ ಮುನೇಶ್ವರನಿಗೆ ಮುಡಿ ಕೊಟ್ಟು ಬಂದ. ಸೋಮವಾರ ಬೆಳಿಗ್ಗೆ ಕಂಪನಿಯ ಆ್ಯಪ್ ಎಂದಿನಂತೆ ಮುಖ ತೋರಿಸು ಎಂದಿತು. ತೋರಿಸಿದ. ‘ಇದು ನೀನಲ್ಲ’ ಎಂದು ಅವನ ಐಡಿಗೆ ಬೀಗ ಬಿತ್ತು. ದೂರು ಕೊಟ್ಟರೆ ಅದಕ್ಕೂ ಯಂತ್ರದ್ದೇ ಉತ್ತರ: ತಮ್ಮ ಸಹಕಾರಕ್ಕೆ ವಂದನೆಗಳು!

“ಕೂದ್ಲು ಬೆಳ್ಯೋವರ್ಗೂ ಉಪವಾಸ ಇರ್ಬೇಕಾ ಮೇಡಂ?” ಎಂದು ಅವನು ತಮ್ಮದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಶಾಂಭವಿಯ ಮುಂದೆ ನಿಂತ.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ಶಾಂಭವಿಗೆ ಮೈಯೆಲ್ಲ ಉರಿಯಿತು. ಅಂದೇ ಸಂಜೆ, ಇಡೀ ಜಗತ್ತಿನ ಇಂಟರ್ನೆಟ್ಟಿಗೆ ನಿಯಮ ಬರೆಯುವ ಸಭೆಯಲ್ಲಿ ಅವಳು ಮಾತಾಡಬೇಕಿತ್ತು. ಯುರೋಪಿನ ಯಾವುದೋ ಸರೋವರದ ದಡದಲ್ಲಿ ಸರ್ಕಾರಗಳು ಎರಡು ದಿನ ಮಾತಾಡಿ ಮುಗಿಸಿದ್ದವು, ಕಂಪನಿಗಳು ಮೂರು ದಿನ. ಮೇಷ್ಟ್ರುಗಳು, ಸಂಘಟನೆಗಳು, ಒಟ್ಟಾರೆ ಉಳಿದ ಮನುಷ್ಯಕುಲಕ್ಕೆಲ್ಲ ಸೇರಿ ಮೂರು ನಿಮಿಷ! ಅದೂ ಅವರು ಊಟ ಮುಗಿಸಿ ಆಕಳಿಸುವ ಹೊತ್ತಿಗೆ. ಆ ಭಿಕ್ಷೆ ಈ ಸಲ ಶಾಂಭವಿಯ ಪಾಲಿಗೆ ಬಂದಿತ್ತು, ಲ್ಯಾಪ್‌ಟಾಪಿನ ಮೂಲಕ.

ನಿಯಮಗಳ ಕರಡಿನಲ್ಲಿ ಒಂದು ಕಲಮಿತ್ತು: ಕೆಲಸಗಾರನನ್ನು ಯಂತ್ರ ಹೊರಗಟ್ಟಿದರೆ ಅವನ ಅಹವಾಲನ್ನು ಮನುಷ್ಯರು ಕೇಳಬೇಕಾದ್ದಿಲ್ಲ. ಆ ಸಭೆಯಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಒಬ್ಬರಾದರೂ ‘ಒಪ್ಪುವುದಿಲ್ಲ’ ಎಂದರೆ ಕಲಮು ಅಲ್ಲಿಗೇ ನಿಂತಂತೆ.

“ಒಂದೇ ಮಾತು ವಸಂತ. ಅವರ ಮುಖಕ್ಕೆ ಹೊಡೆದ ಹಾಗೆ ಹೇಳ್ಬಿಡ್ತೀನಿ, ನೋಡ್ತಿರು.”

ಐದು ಗಂಟೆಗೆ ಬೀದಿಗೆ ಜೆಸಿಬಿ ಬಂತು. ಯಾಕೆ ಅಗೆಯುತ್ತಿದ್ದೇನೆಂದು ಡ್ರೈವರಿಗೂ ಗೊತ್ತಿದ್ದಂತಿರಲಿಲ್ಲ. ಮನೆಯ ಇಂಟರ್ನೆಟ್ ಕೇಬಲ್ಲು ಅದರ ಹಲ್ಲಿಗೆ ಶಾವಿಗೆಯಂತೆ ಸಿಕ್ಕಿ ತುಂಡಾಯಿತು.

“ಓದ್ರೆ ಓಗ್ಲಿ ಬುಡಮ್ಮ, ನೀರಿನ್ ಪೈಪು ಉಳ್ಕಂತಲ್ಲ,” ಎಂದರು ಪಿಳ್ಳಮ್ಮ.

ಹೊಸೂರು ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಅರ್ಧ ಜಗತ್ತಿನ ವ್ಯವಹಾರ ನಡೆಯುತ್ತದೆ. ಅವುಗಳ ನೆರಳು ಬೀಳುವ ಗಲ್ಲಿಯಲ್ಲಿ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಶಾಂಭವಿ ಹಲ್ಲು ಕಡಿದಳು.

“ತಾರಸಿಗೆ ಬನ್ನಿ ಮೇಡಂ, ನನ್ ಹಾಟ್‌ಸ್ಪಾಟ್ ಇದ್ಯಲ್ಲ,” ಎಂದ ವಸಂತ.

ತಾರಸಿಗೆ ಹೋದರೆ ಅಲ್ಲಿ ಮದುವೆ ಮನೆ! ‘ನಮ್ ಮೇಡಮ್ಮ ಫಾರಿನ್ನೋರ ಜತೆ ಜಗಳ ಆಡ್ತಾರೆ’ ಎಂದು ಪಿಳ್ಳಮ್ಮ ಗಲ್ಲಿಗೆಲ್ಲ ಸಾರಿದ್ದರು. ಒಣಹಾಕಿದ ಮೆಣಸಿನಕಾಯಿಯನ್ನು ಮೂಲೆಗೆ ತಳ್ಳಿ, ನಡುವೆ ಒಂದು ಮೇಜಿಟ್ಟು, ಜನ ಕೂತಿದ್ದರು. ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ಪಕ್ಕದ ಮನೆಯ ಹನುಮಯ್ಯ, “ಮೇಡಂ, ಭಾಷಣ ಬಿಟ್ಟಾಕಿ, ಘೋಷಣೆ ಕೂಗಿ. ಹಿಂದಿಂದ ನಾನು ಜೈ ಅಂತೀನಿ,” ಎಂದರು.

ಪಿಳ್ಳಮ್ಮನಿಗೆ ಬೇರೆಯೇ ಚಿಂತೆ. “ಇಂಗೆ ಮುಖ ಗಂಟಾಕ್ಕೊಂಡ್ರೆ ಯಾರ್ ಕೇಳ್ತಾರೆ? ಮೊದ್ಲು ಕೈ ಮುಗಿ ಕಣಮ್ಮ, ಆಮೇಲೆ ಉಗಿ.”

ಲ್ಯಾಪ್‌ಟಾಪಿನಲ್ಲಿ ಸಭೆಯ ಅಧ್ಯಕ್ಷರು ಹೆಸರು ಕರೆದರು. ಪಿಳ್ಳಮ್ಮ ಪಕ್ಕೆಗೆ ತಿವಿದರು. ಶಾಂಭವಿ ಕೈ ಮುಗಿದು ತಲೆಬಾಗಿದಳು: “ನಮಸ್ಕಾರ.”

ಅದೇ ಗಳಿಗೆಯಲ್ಲಿ ಗಲ್ಲಿಯವರೆಲ್ಲ ಮೊಬೈಲ್ ತೆಗೆದು, ಮೂರಡಿ ದೂರದಲ್ಲಿ ಕೂತಿದ್ದವಳನ್ನು ನೇರಪ್ರಸಾರದಲ್ಲಿ ನೋಡಲು ಶುರುಮಾಡಿದರು. ಎಲ್ಲರೂ ವಸಂತನ ಹಾಟ್‌ಸ್ಪಾಟಿನಲ್ಲೇ. ಅವನ ಪಾಸ್‌ವರ್ಡ್ ಗಲ್ಲಿಗೇ ಬಾಯಿಪಾಠ. ಬಡಪಾಯಿ ಹಾಟ್‌ಸ್ಪಾಟು, ಹದಿನಾರು ಜನ ಹತ್ತಿದ ಆಟೋದಂತೆ ಏದುಸಿರು ಬಿಟ್ಟು ನಿಂತುಬಿಟ್ಟಿತು.

ಶಾಂಭವಿಗೆ ಅದರ ಪರಿವೆಯಿಲ್ಲ. ಗುಡುಗಿದಳು. ಅನ್ನ ಹೊರುವವನ ಅನ್ನ ಕಿತ್ತುಕೊಳ್ಳಲು ಯಂತ್ರಕ್ಕೆ ಹಕ್ಕು ಕೊಟ್ಟವರು ಯಾರು ಎಂದು ಕೇಳಿದಳು. ತಪ್ಪು ಮಾಡಿದ ಯಂತ್ರದ ಹಿಂದೆ ಅಡಗಿ ಕೂತ ನಿಮಗೆ ಮುಖವಿಲ್ಲವೇ ಎಂದಳು. ಒಪ್ಪುವುದಿಲ್ಲ, ಒಪ್ಪುವುದಿಲ್ಲ ಎಂದು ಮೇಜು ಗುದ್ದಿದಳು. ಹನುಮಯ್ಯ ಜೈ ಎಂದರು. ಪಿಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಮೇಡಂ,” ವಸಂತ ಮೆಲ್ಲಗೆ ಮೊಬೈಲ್ ಎತ್ತಿ ತೋರಿಸಿದ, “ಇದ್ರಲ್ಲಿ ನೀವಿನ್ನೂ ಕೈ ಮುಗ್ಕೊಂಡೇ ಇದೀರ.”

ಶಾಂಭವಿ ಗಕ್ಕನೆ ಎದ್ದು ಕೂಗಿದಳು, “ಎಲ್ರೂ ಫೋನ್ ಆಫ್ ಮಾಡ್ರೀ!”

ಸಿಗ್ನಲ್ ಮರಳಿತು. ಲ್ಯಾಪ್‌ಟಾಪಿನಲ್ಲಿ ಸರೋವರದ ದಡದ ಸಭಾಂಗಣ ಕಂಡಿತು. ಅದರ ಗೋಡೆಯ ತುಂಬ ಶಾಂಭವಿಯದೇ ಚಿತ್ರ: ಬಾಗಿದ ತಲೆ, ಮುಚ್ಚಿದ ಕಣ್ಣು, ಜೋಡಿಸಿದ ಕೈ. ಅಧ್ಯಕ್ಷರು ಭಾವುಕರಾಗಿದ್ದರು. “ಭಾರತದ ನಮ್ಮ ಗೆಳತಿ ಮೂರು ನಿಮಿಷವೂ ಮೌನವಾಗಿ ತಲೆಬಾಗಿದರು. ಇದಕ್ಕಿಂತ ದೊಡ್ಡ ಸಮ್ಮತಿ ಬೇಕೇ? ಯಾರ ವಿರೋಧವೂ ಇಲ್ಲ. ಕಲಮು ಅಂಗೀಕಾರವಾಗಿದೆ.”

“ಯಾರ್ ಒಪ್ಪಿದ್ದು? ನಾನು ಒಪ್ಪಿಲ್ಲ ಕಣ್ರೀ!” ಶಾಂಭವಿ ಚೀರಿದಳು. ಅವಳ ಮೈಕನ್ನು ಅವರು ಆಗಲೇ ಬಂದ್ ಮಾಡಿದ್ದರು.

ಅಲ್ಲಿ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಅದು ಕೇಳಿದ್ದೇ ತಡ, ತಾರಸಿಯ ಜನರೂ ತಟ್ಟಿದರು. ಹನುಮಯ್ಯ ಶಿಳ್ಳೆ ಹೊಡೆದರು.

“ಗೆದ್ವಾ ಮೇಡಂ?” ವಸಂತನ ಮುಖ ಅರಳಿತ್ತು. “ನಾಳೆಯಿಂದ ಡ್ಯೂಟಿಗೆ ಹೋಗ್ಬೋದಾ?”

ಶಾಂಭವಿ ಲ್ಯಾಪ್‌ಟಾಪ್ ಮುಚ್ಚಿದಳು.

“ಇಲ್ಲ ಕಣೋ. ನಿನ್ನ ಹೊರಗೆ ಹಾಕಿದ್ದು ಸರಿ ಅಂತ ಈಗ ನಾನೇ ಒಪ್ಪಿದ ಹಾಗಾಯ್ತು.”

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.