ಕೀಬೋರ್ಡಿಗೆ ನಾನು ಕಲಿಸಿದ ಚುರುಕು

ಬಾಯಲ್ಲಿ ಆಡಿದ ಮಾತಿಗೆ ಒಂದು ಅನುಕೂಲವಿದೆ. ಕೇಳಿಸಿಕೊಂಡವರು ಮರೆಯಬಹುದು, ಮರೆಯದಿದ್ದರೆ ‘ನಾನು ಹಾಗೆ ಅಂದೇ ಇಲ್ಲ’ ಎಂದು ಸಾಧಿಸಬಹುದು. ಸಂಸಾರದಲ್ಲಿ ಈ ಅನುಕೂಲವನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ಆದರೆ ಎರಡು ಸಾವಿರದ ಇಸವಿ ಕಳೆದ ಕೆಲವು ವರ್ಷಕ್ಕೆ ನಾನು ಇಂಗ್ಲಿಷಿನಲ್ಲಿ ಬರೆದ ಎರಡು ಸಾಲುಗಳ ವಿಷಯದಲ್ಲಿ ಆ ದಾರಿ ಮುಚ್ಚಿಹೋಗಿದೆ. ಅವು ಯಾವ ಯಾವ ದೇಶದ ಕಂಪ್ಯೂಟರುಗಳಲ್ಲೋ ಕುಳಿತಿವೆ. ಪಕ್ಕದಲ್ಲೇ ನನ್ನ ಹೆಸರೂ ಇದೆ, ಇನಿಷಿಯಲ್ ಸಮೇತ.

ಆಗ ನಾನು ತಮಿಳು ಸೀಮೆಯ ತಾಂಬರಂ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ಡ್ರೈವರ್ ಬರೆಯುವ ಕೆಲಸದಲ್ಲಿದ್ದೆ. ‘ಡ್ರೈವರ್’ ಎಂಬಷ್ಟನ್ನೇ ಕೇಳಿಸಿಕೊಂಡ ನಮ್ಮ ಸೋದರತ್ತೆ, ಇಂಜಿನಿಯರಿಂಗ್ ಓದಿದ ಹುಡುಗ ಕೊನೆಗೆ ವ್ಯಾನ್ ಓಡಿಸುವಂತಾಯಿತಲ್ಲ ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ವಿಷಯ ಅದಲ್ಲ. ಕಂಪ್ಯೂಟರಿನ ಒಳಗಿನ ಯಜಮಾನನಿಗೆ ಕರ್ನಲ್ ಎಂದು ಹೆಸರು. ಹೊರಗಿನಿಂದ ಬಂದು ಸೇರುವ ಪ್ರಿಂಟರು, ಕೀಬೋರ್ಡುಗಳ ಮಾತು ಅವನಿಗೆ ನೇರವಾಗಿ ತಿಳಿಯುವುದಿಲ್ಲ. ನಡುವೆ ನಿಂತು ತಿಳಿಸಿ ಹೇಳುವ ದುಭಾಷಿಯೇ ಡ್ರೈವರ್. ಈ ಸಲಕರಣೆಗಳ ಹೊಟ್ಟೆಯೊಳಗೆ ತಯಾರಿಸಿದವರೇ ಬರೆದಿಟ್ಟ ಫರ್ಮ್‌ವೇರ್ ಎಂಬುದೊಂದು ಇರುತ್ತದೆ. ಹುಟ್ಟುಗುಣ ಅಂತ ಇಟ್ಟುಕೊಳ್ಳಿ. ಒಂದೊಂದಕ್ಕೂ ಒಂದೊಂದು ಚಾಳಿ. ನಮ್ಮ ಮಾವನವರಿಗೆ ಕಾಫಿ ಬೇಕೇ ಎಂದರೆ ಮೊದಲು ‘ಬೇಡ’ ಎನ್ನುತ್ತಾರೆ. ಅದನ್ನು ನಂಬಿ ಒಳಗೆ ಹೋದ ಸೊಸೆ ಕೆಟ್ಟಳು. ಇಂಥ ಚಾಳಿಗಳನ್ನು ಪಟ್ಟಿ ಮಾಡಿ, ಈ ಮಾದರಿಯನ್ನು ಎರಡು ಸಲ ಕೇಳು, ಆ ಮಾದರಿ ಹೇಳಿದ್ದನ್ನು ನಂಬಬೇಡ ಎಂದು ಕರ್ನಲ್ಲಿಗೆ ಕಿವಿಮಾತು ಬರೆಯುವುದು ನನ್ನ ಹೊಟ್ಟೆಪಾಡು. ಹತ್ತು ವರ್ಷ ಬೇರೆಯವರ ತಪ್ಪನ್ನೇ ಹುಡುಕಿ ಸಂಬಳ ಪಡೆದವನಿಗೆ ತನ್ನದೂ ಒಂದು ತಪ್ಪಿರಬಹುದೆಂಬ ಯೋಚನೆ ಬರುವುದು ಕಷ್ಟ.

ಒಂದು ದಿನ ನನ್ನ ಮೇಜಿಗೆ ಕಣ್ಣು ಕಾಣದವರ ಕೀಬೋರ್ಡೊಂದು ಬಂತು. ಪಲ್ಲಾವರಂನಲ್ಲಿ ಯಾರೋ ಒಬ್ಬರು ಮನೆಯಲ್ಲೇ ತಯಾರಿಸಿದ್ದು. ಅಕ್ಷರಕ್ಕೆ ಆರೇ ಕೀಲಿ. ಎರಡೋ ಮೂರೋ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಬ್ರೈಲ್ ಅಕ್ಷರ. ಅದನ್ನು ಕಂಪ್ಯೂಟರು ನಮ್ಮ ನಿಮ್ಮ ಕನ್ನಡ ಅಕ್ಷರವಾಗಿ ಮುದ್ರಿಸಿಕೊಡುತ್ತದೆ. ಆದರೆ ಈ ಕೀಬೋರ್ಡು ಮಹಾ ಸೋಮಾರಿ. ಮೊದಲ ಬೆರಳು ಬಿದ್ದ ಮೇಲೆ ಪೂರಾ ಒಂದು ಸೆಕೆಂಡ್ ಸುಮ್ಮನೆ ಕೂತು, ಆಮೇಲೆ ಇಂಥ ಅಕ್ಷರ ಎಂದು ವರದಿ ಒಪ್ಪಿಸುತ್ತಿತ್ತು. ನಾನು ನನ್ನ ಚುರುಕು ಬೆರಳುಗಳಿಂದ ಒತ್ತಿ ನೋಡಿದೆ. ಈ ಕಾಯುವಿಕೆ ಯಾಕೆಂದು ಹೊಳೆಯಲಿಲ್ಲ. ಹೊಳೆಯದ್ದು ತಪ್ಪೇ ಇರಬೇಕೆಂದು, ಕಾಯಬೇಡ ಎಂದು ಡ್ರೈವರಿನ ಮೂಲಕ ಅದಕ್ಕೆ ಹೇಳಿಸಿ, ಸೆಕೆಂಡನ್ನು ಕತ್ತರಿಸಿ ಹಾಕಿದೆ. ಮೇಲೆ ಎರಡು ಸಾಲು ಟಿಪ್ಪಣಿ ಬರೆದೆ: ‘ಇದರ ಫರ್ಮ್‌ವೇರ್ ಬರೆದವರು ಊಟಕ್ಕೆ ಕರೆದರೆ ಮರುದಿನ ಬರುವವರಿರಬೇಕು. ಅವರ ನಿದ್ದೆಯನ್ನು ಇಲ್ಲಿ ಕೆಡಿಸಲಾಗಿದೆ.’ ನಮ್ಮ ಕರ್ನಲ್ ಲೋಕಕ್ಕೆಲ್ಲ ತೆರೆದ ಪುಸ್ತಕ, ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಯುರೋಪಿನಲ್ಲೆಲ್ಲೋ ಕೂತು ಇಂಥ ತಿದ್ದುಪಡಿಗಳನ್ನು ಪರಿಶೀಲಿಸುವ ಮೇಲ್ವಿಚಾರಕ ಒಂದು ನಗೆಯ ಗುರುತು ಹಾಕಿ ಒಪ್ಪಿಕೊಂಡ. ನಾನು ಅದನ್ನು ಪ್ರಿಂಟ್ ತೆಗೆದು ಮನೆಯಲ್ಲಿ ಎಲ್ಲರಿಗೂ ಓದಿದೆ. ಮಗಳು ಅಲ್ಲಿಯ ತಮಿಳಿನಲ್ಲಿ “ಪೋಪ್ಪಾ”, ಹೋಗಪ್ಪಾ, ಎಂದು ಎದ್ದು ಹೋದಳು. ಹೆಂಡತಿ ಪದ್ಮ ಮಾತ್ರ, “ಪಾವಂ, ಯಾರೋ ಏನೋ. ಅವರು ಇದನ್ನ ಓದಿದರೆ ಏನ್ರೀ ಮಾಡ್ತೀರಾ?” ಎಂದಳು. “ಓದಲಿ, ಬುದ್ಧಿ ಬರುತ್ತೆ” ಎಂದೆ.

ಅವರು ಓದಿದರು. ನಾಲ್ಕೈದು ತಿಂಗಳಾದ ಮೇಲೆ ಕೀಬೋರ್ಡು ತಯಾರಿಸಿದ ಸದಾಶಿವ ರಾವ್ ಎಂಬವರಿಂದ ಈಮೇಲ್ ಬಂತು. ‘ಆ ಒಂದು ಸೆಕೆಂಡ್ ಬೇಕೆಂದೇ ಇಟ್ಟದ್ದು, ದಯವಿಟ್ಟು ಮರಳಿ ಕೊಡಿ’ ಎಂದಷ್ಟೇ ಇತ್ತು. ಟಿಪ್ಪಣಿಯ ಸುದ್ದಿಯೇ ಇಲ್ಲ. ನಾನು ಮೂರು ಪ್ಯಾರಾ ಉತ್ತರ ಬರೆದೆ. ಬೆರಳುಗಳನ್ನು ಒಟ್ಟಿಗೆ ಊರುವ ಅಭ್ಯಾಸವನ್ನು ಬಳಸುವವರಿಗೇ ಮಾಡಿಸಬೇಕು ಎಂಬುದು ಅದರ ಸಾರಾಂಶ. ಅವರು ಆ ಉತ್ತರವನ್ನು ನಮ್ಮ ಮ್ಯಾನೇಜರ್ ಕುಮರೇಶನ್ ಅವರಿಗೆ ಕಳಿಸಿದರು. ಕುಮರೇಶನ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, “ನೀಂಗಳೇ ನೇರಾ ಪೋಯ್ ಪಾತ್ತುಡುಂಗ ಸಾರ್” ಎಂದರು. ನೀವೇ ಖುದ್ದಾಗಿ ಹೋಗಿ ನೋಡಿ ಬನ್ನಿ ಎಂದು. ಅವರು ನನ್ನನ್ನು ಸಾರ್ ಎಂದರೆ ಕೋಪ ಬಂದಿದೆ ಎಂದರ್ಥ. ಪಲ್ಲಾವರಂಗೆ ಎಲೆಕ್ಟ್ರಿಕ್ ಟ್ರೇನು ಹತ್ತಿದೆ.

ರಾವ್ ಅವರದು ಕುಂದಾಪುರದ ಕಡೆಯ ಮನೆತನ. ಅಣ್ಣಂದಿರಿಬ್ಬರೂ ಪ್ಯಾರೀಸ್ ಕಾರ್ನರ್ ಬಳಿ ಊಟದ ಹೋಟೆಲು ನಡೆಸುತ್ತಿದ್ದರು. ಇವರೊಬ್ಬರು ಸಾಂಬಾರು ಬಿಟ್ಟು ಬೆಸುಗೆ ಕಡ್ಡಿ ಹಿಡಿದಿದ್ದರು. ಐವತ್ತೈದು ದಾಟಿದ, ತೆಳ್ಳಗಿನ ಮನುಷ್ಯ. ನಾನು ಹೆಸರು ಹೇಳಿದ ಕೂಡಲೇ, “ಗೊತ್ತುಂಟು, ನಿಮ್ಮ ಹೆಸರು ಅಲ್ಲಿಯೇ ಉಂಟಲ್ಲ. ಮೊದಲು ಊಟ ಮಾಡುವ. ನಾನು ಕರೆದರೆ ಇವತ್ತೇ ಬರ್ತೀರಲ್ಲ?” ಎಂದರು. ನಗಲಿಲ್ಲ. ಆ ದಿನ ಬಡಿಸಿದ ಹುಳಿಯ ರುಚಿ ನನಗೆ ನೆನಪಿಲ್ಲ.

ಊಟದ ನಡುವೆ ಅವರೇ ಹೇಳಿದರು. ತಾಯಿ ಸರಸ್ವತಮ್ಮನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು, ಬೆರಳುಗಳೂ ಜೋಮು ಹಿಡಿದಂತೆ. ಒತ್ತಬೇಕಾದ ಬೆರಳುಗಳು ಒಟ್ಟಿಗೆ ಬೀಳುವುದಿಲ್ಲ. ಒಂದು ಮೊದಲು, ಒಂದು ಆಮೇಲೆ. ಅಷ್ಟನ್ನೂ ಒಂದೇ ಅಕ್ಷರವೆಂದು ತಿಳಿಯಲು ಆ ಒಂದು ಸೆಕೆಂಡ್. ಎಪ್ಪತ್ತೈದು ದಾಟಿದ ಮೇಲೆ ಆಕೆ ಬ್ರೈಲ್ ಕಲಿತದ್ದು ಒಂದೇ ಕಾರಣಕ್ಕೆ: ಕುಂದಾಪುರದ ತಂಗಿಗೆ ಇನ್ನೊಬ್ಬರ ಕೈಯಲ್ಲಿ ಬರೆಸದೆ ತಾನೇ ಕಾಗದ ಬರೆಯಬೇಕು. “ಅಕ್ಕತಂಗಿಯರ ಮಾತು, ನಾವು ಕೇಳಲಿಕ್ಕಿಲ್ಲ” ಎಂದರು ರಾವ್. ಎರಡು ವರ್ಷ ಬರೆದರಂತೆ. ಆಮೇಲೆ ರಾವ್ ಮನೆಯ ಕಂಪ್ಯೂಟರಿಗೆ ಹೊಸ ಕರ್ನಲ್ ಹಾಕಿದರು. ಅದರೊಳಗೆ ನಾನಿದ್ದೆ. ಒಂದೊಂದು ಅಕ್ಷರವೂ ಎರಡಾಗಿ ಒಡೆದು ಹೋಯಿತು. ‘ಅಕ್ಕಾ, ನೀನು ಬರೆದದ್ದು ಎಂತದೂ ತಿಳಿಯುದಿಲ್ಲ’ ಎಂದು ತಂಗಿಯ ಫೋನು ಬಂತು. ಮುದುಕಿ ಯಾರಿಗೂ ಏನೂ ಹೇಳದೆ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿಟ್ಟರು.

“ತನ್ನ ಕೈಯೇ ಹೋಯಿತು ಅಂತ ಅಮ್ಮನ ಲೆಕ್ಕ. ತಪ್ಪು ಡ್ರೈವರಿನದ್ದು ಅಂತ ನಾನು ಹೇಳಿದರೆ ನಂಬುದಿಲ್ಲ, ಮಗ ಸಮಾಧಾನ ಮಾಡ್ತಾನೆ ಅಂತಾರೆ. ಮಾಡಿದವರು ನೀವು, ನೀವೇ ಹೇಳಿ ಮಾರಾಯ್ರೆ.”

ಸರಸ್ವತಮ್ಮ ಒಳಕೋಣೆಯ ಮಂಚದ ಮೇಲೆ ಕೂತಿದ್ದರು. ನಾನು ಕೆಳಗೆ ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಸೆಕೆಂಡ್ ಕತ್ತರಿಸಿದ್ದು, ನಕ್ಕದ್ದು, ಮೂರು ಪ್ಯಾರಾ ಬರೆದದ್ದು. “ಕೈ ನಿಮ್ಮದು ಸರಿಯಾಗಿದೆ ಅಮ್ಮ, ತಲೆ ನನ್ನದು ಸರಿಯಿರಲಿಲ್ಲ” ಎಂದೆ. ಅವರು ಕೈ ಚಾಚಿ ನನ್ನ ತಲೆಯನ್ನು ಹುಡುಕಿ ಮುಟ್ಟಿದರು. “ನೀವು ಬಾಳಾ ಒಳ್ಳೆಯವರು. ಮುದುಕಿಗೆ ಬೇಜಾರಾಗಬಾರದು ಅಂತ ನಿಮ್ಮ ಮೇಲೆ ಹಾಕಿಕೊಳ್ತೀರಿ. ಸದಾಶಿವ ಹೇಳಿಕೊಟ್ಟದ್ದಲ್ವಾ?” ಎಂದರು. ನಾನು ಅಲ್ಲವೆಂದು ಆಣೆ ಹಾಕಿದೆ. ಆಣೆ ಹಾಕಿದಷ್ಟೂ ನನ್ನ ಒಳ್ಳೆಯತನ ಅವರ ಲೆಕ್ಕದಲ್ಲಿ ಏರುತ್ತಾ ಹೋಯಿತು.

ಮರುದಿನವೇ ಆ ಸೆಕೆಂಡನ್ನು ವಾಪಸು ಹಾಕಿ, ‘ಹಿಂದಿನ ಟಿಪ್ಪಣಿಗಾಗಿ ಕ್ಷಮೆ ಕೋರುತ್ತೇನೆ’ ಎಂದೊಂದು ಸಾಲು ಸೇರಿಸಿ ಕಳಿಸಿದೆ. ಮೇಲ್ವಿಚಾರಕ ತಿದ್ದುಪಡಿಯನ್ನು ಒಪ್ಪಿ, ಕ್ಷಮೆಯನ್ನು ಹೊಡೆದು ಹಾಕಿದ. ಟಿಪ್ಪಣಿ ಕೆಲಸಕ್ಕೆ ಸಂಬಂಧಪಟ್ಟಿರಬೇಕು, ವೈಯಕ್ತಿಕ ವಿಷಯ ಬೇಡ ಎಂದ. ಹೊಸದರಿಂದ ಆ ಎರಡು ಸಾಲು ಹೋದರೂ ಹಳೆಯ ಪ್ರತಿಗಳಲ್ಲಿ, ಬದಲಾವಣೆಗಳ ಚರಿತ್ರೆಯಲ್ಲಿ, ಉಳಿದೇ ಇವೆ. ಕ್ಷಮೆ ಎಲ್ಲಿಯೂ ಇಲ್ಲ. ರಾವ್ ಮನೆಯ ಕೀಬೋರ್ಡು ಸರಿಹೋಯಿತು. ಬೆರಳಿಡಲು ಸರಸ್ವತಮ್ಮ ಒಪ್ಪಲಿಲ್ಲ. “ಅದು ಸಾಕು” ಎಂದರು.

ಹಾಗಾಗಿ ಭಾನುವಾರಗಳಂದು ನಾನು ಪಲ್ಲಾವರಂಗೆ ಹೋಗುತ್ತೇನೆ. ಅವರು ಹೇಳುತ್ತಾರೆ, ನಾನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತೇನೆ. ಅವರ ಅಕ್ಷರಗಳನ್ನು ಒಮ್ಮೆ ಕೆಡಿಸಿದವನು, ಇನ್ನು ಒಂದೂ ತಿದ್ದಬಾರದೆಂಬುದು ನಾನೇ ಹಾಕಿಕೊಂಡ ಕಟ್ಟಳೆ. ಹವೆ, ಔಷಧಿ, ಮಾವಿನಮಿಡಿ ಎಲ್ಲ ಬರುತ್ತದೆ. ನಡುವೆ ಒಮ್ಮೊಮ್ಮೆ ತಂಗಿಗೆ ಏನನ್ನೋ ಹೇಳಹೊರಟು, ನಾನು ಕೂತಿರುವ ಕಡೆಗೆ ಮುಖ ತಿರುಗಿಸಿ, “ಅದು ಇರಲಿ” ಎಂದು ನಿಲ್ಲಿಸಿಬಿಡುತ್ತಾರೆ. ನಾನು ಪೆನ್ನು ಎತ್ತಿ ಹಿಡಿದು ಕಾಯುತ್ತೇನೆ. ಒಂದು ಸೆಕೆಂಡ್ ಅಲ್ಲ, ಎಷ್ಟೋ ಹೊತ್ತು. ಆ ಮಾತು ಬರುವುದಿಲ್ಲ. ಬರುವುದು ಕೊನೆಯ ಸಾಲು, ಪ್ರತಿ ಕಾಗದದಲ್ಲೂ ಒಂದೇ: ‘ಇದನ್ನು ಬರೆದುಕೊಟ್ಟವರು ಇತರರ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವಂಥ ದೊಡ್ಡ ಮನುಷ್ಯ.’ “ಬರೆದಿರಾ?” ಎನ್ನುತ್ತಾರೆ. ಬರೆದೆ ಎನ್ನುತ್ತೇನೆ. “ಓದಿ ಕಾಂಬ” ಎನ್ನುತ್ತಾರೆ. ಅದನ್ನೂ ಓದುತ್ತೇನೆ, ಗಟ್ಟಿಯಾಗಿ, ಪಕ್ಕದ ಕೋಣೆಯಲ್ಲಿ ಬೆಸುಗೆ ಹಾಕುತ್ತಿರುವ ರಾವ್ ಅವರಿಗೂ ಕೇಳಿಸುವಂತೆ.