ಅಂಬಲಿಯನ್ನು ಆರೋಪಮುಕ್ತಗೊಳಿಸುವ ಕುರಿತು

ಇಲಾಖೆ (ಹೆಸರಿಡುವುದು ಬಾಕಿ), ಆಳಂದ
ಸಂಖ್ಯೆ: ಅಡುಗೆ/ಅಂಬಲಿ/01

ವಿಷಯ: ದಿವಂಗತ ಪರಮೇಶ ಅವರ ರಕ್ತದಲ್ಲಿ ಬೆಳೆದ, ಔಷಧಕ್ಕೆ ಬಗ್ಗದ ಯೀಸ್ಟಿಗೂ ಅವರ ತಾಯಿ ಗುರಮ್ಮನವರ ಅಂಬಲಿಗೂ ಸಂಬಂಧವಿಲ್ಲದಿರುವ ಬಗ್ಗೆ.

ಉಲ್ಲೇಖ: ಮಣ್ಣಾದ ನಂತರದ ಮೊದಲ ಮಾಮೂಲಿ ಬೆಳಿಗ್ಗೆ. ಹಾಲಿನವರು ಎಂದಿನಷ್ಟೇ ಹಾಲು ಹಾಕಿ ಹೋದರು. ಗುರಮ್ಮನವರು ಅಂಬಲಿ ಗಡಿಗೆಯನ್ನು ಹಿತ್ತಲಲ್ಲಿ ಬೋರಲು ಹಾಕಿ, ‘ನನ್ನ ಮಗಗ ನಾನೇ ಕೊಂದೀನಿ’ ಎಂದು ಘೋಷಿಸಿ ಊಟ ಬಿಟ್ಟರು.

1. ಆಸ್ಪತ್ರೆಯಲ್ಲಿ ಗುರಮ್ಮನವರು ನರ್ಸ್ ಕಣ್ಣು ತಪ್ಪಿಸಿ ಒಂದು ಚಮಚ ಅಂಬಲಿ ಕುಡಿಸಿದ್ದು ನಿಜ. ಅದು ಹೊಟ್ಟೆಗೆ ಹೋಗಿದೆ. ಯೀಸ್ಟ್ ಬಂದದ್ದು ಕುತ್ತಿಗೆಗೆ ಹಾಕಿದ್ದ ನಳಿಕೆಯಿಂದ. ಅದು ಹಿಟ್ಟನ್ನು ಹುಳಿ ಬರಿಸುವ ಯೀಸ್ಟ್ ಅಲ್ಲ, ಅದರ ಜಾತಿಯೇ ಬೇರೆ ಎಂದು ಡಾಕ್ಟರು ತಿಳಿಸಿದ್ದಾರೆ. ಕೊಟ್ಟ ಯಾವ ಔಷಧಕ್ಕೂ ಅದು ಸೊಪ್ಪು ಹಾಕಲಿಲ್ಲ.

2. ಅಫಜಲಪುರದ ಸುವರ್ಣಾ ಚಿಗವ್ವನವರು ‘ಹುಳಿನೇ ನೆತ್ತರಕ್ಕ ಇಳದದ ನೋಡ್ರಿ, ಯಕ್ಕಾ’ ಎಂದು ಗುರಮ್ಮನವರ ಮುಂದೆಯೇ ನುಡಿದು, ಮೇಲೆ ಎರಡು ಬಟ್ಟಲು ಹುಳಿಮಜ್ಜಿಗೆ ಕುಡಿದಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಮಾತಾಡಿಸಲು ಬರುವವರು ಸಾವಿನ ಕಾರಣ ಹೇಳುವಂತಿಲ್ಲ. ಹೇಳಲೇಬೇಕೆನಿಸಿದಲ್ಲಿ ಹೊರಗಿನ ಬೇವಿನ ಮರಕ್ಕೆ ಹೇಳತಕ್ಕದ್ದು.

3. ಮೊಸರು, ಪಾವ್, ಇಡ್ಲಿಗಳನ್ನೂ ಶಂಕಿತರ ಪಟ್ಟಿಯಿಂದ ಕೈಬಿಡಲಾಗಿದೆ. ಬಸ್ ಸ್ಟ್ಯಾಂಡ್ ಹೋಟೆಲಿನ ಇಡ್ಲಿಯ ಮೇಲೆ ಬೇರೆ ದೂರುಗಳಿದ್ದು, ಅವು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

4. ಜೇವರ್ಗಿಯ ಸೈದಪ್ಪ ಮಾವನವರು ತೊಡೆಯ ತುರಿಕೆಗೆ, ಪರಮೇಶ ಅವರಿಗೆ ಕೊಟ್ಟ ಔಷಧದ ಗುಂಪಿನದೇ ಗುಳಿಗೆಯನ್ನು ಡಾಕ್ಟರ ಚೀಟಿಯಿಲ್ಲದೆ ತಂದು, ತುರಿಕೆ ನಿಂತ ಕೂಡಲೇ ಬಿಟ್ಟು, ಉಳಿದದ್ದನ್ನು ಎಮ್ಮೆಗೆ ತಿನ್ನಿಸಿದ್ದಾರೆ. ಹೀಗೆ ಜನ ಅರ್ಧಮರ್ಧ ತಿಂದೇ ಇಂಥ ಯೀಸ್ಟುಗಳಿಗೆ ಔಷಧ ರೂಢಿಯಾಗುತ್ತದೆ. ಎಮ್ಮೆಯ ಹೇಳಿಕೆ ಇನ್ನೂ ಬಂದಿಲ್ಲ.

5. ಆಸ್ಪತ್ರೆಗೆ ಹೊರಟ ದಿನ ಪರಮೇಶ ಅವರು ‘ಬರ್ತಾ ತಂದ್ಕೊಡ್ತೀನಿ, ಆಪಾ’ ಎಂದು ಪಕ್ಕದ ಮನೆಯ ಶಮಶಾದ ಅವರಿಂದ ಥರ್ಮಾಸ್ ಕಡ ತಂದಿದ್ದರು. ಅವರು ಬರುವ ಸಂಭವವಿಲ್ಲದ್ದರಿಂದ ಇಲಾಖೆಯೇ ತಲುಪಿಸುವುದು. ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ಈ ಓಣಿಯಲ್ಲಿ ರೂಢಿಯಿಲ್ಲ. ಇಲಾಖೆ ಕಾಸಿದ ಅಂಬಲಿ ಗಂಟಾಗುತ್ತದೆ, ಸಾಕ್ಷಿಗಳಿದ್ದಾರೆ. ಆದ್ದರಿಂದ ಹೊಸದಾಗಿ ಹಿಟ್ಟು ಹುಳಿಗಿಟ್ಟು, ಅಂಬಲಿ ಕಾಸಿ, ಉಪ್ಪು ನೋಡುವ ಸಲುವಾಗಿ ಒಂದು ಬಟ್ಟಲು ತಾವೇ ಕುಡಿದು ಕಳಿಸುವಂತೆ ಗುರಮ್ಮನವರಿಗೆ ಈ ಮೂಲಕ ಆದೇಶಿಸಲಾಗಿದೆ. ಮೇಲ್ಮನವಿಗೆ ಅವಕಾಶವಿಲ್ಲ.

ಸಹಿ/-
ಅನುರಾಧಾ
ಪರಮೇಶ ಅವರ ಹೆಂಡತಿ ಹಾಗೂ ಮನೆಯ ಪ್ರಭಾರ ಅಧಿಕಾರಿ
(ಹುದ್ದೆಗೆ ಅರ್ಜಿ ಹಾಕಿರಲಿಲ್ಲ)

ಪ್ರತಿಗಳು:
ಸುವರ್ಣಾ ಚಿಗವ್ವನವರಿಗೆ, ಮಜ್ಜಿಗೆ ಇಲ್ಲದೆ.
ಸೈದಪ್ಪ ಮಾವನವರಿಗೆ; ಎಮ್ಮೆಗೂ ಓದಿ ಹೇಳುವುದು.
ಗುರಮ್ಮನವರಿಗೆ. ಓದಿ ಹೇಳಲಾಗಿದೆ. ಬೈದಿದ್ದಾರೆ.
ಶಮಶಾದ ಅವರಿಗೆ, ಥರ್ಮಾಸ್ ಸಹಿತ, ಖುದ್ದಾಗಿ. ಉಪ್ಪು ಸರಿಯಿದೆಯೆಂದು ಗುರಮ್ಮನವರು ತಿಳಿಸಿದ್ದಾರೆ.