ನಾನು ಹಾಕಿದ ಕಡಲೆಕಾಳು

ಓಟು ಹಾಕಿದ ಮೇಲೆ ಮನಸ್ಸು ಹಗುರವಾಗುತ್ತದೆ ಎಂದು ಶಾಲೆಯ ಪೌರನೀತಿ ಪುಸ್ತಕದಲ್ಲಿ ಓದಿದ ನೆನಪು. ಅದನ್ನು ಬರೆದವರು ಸೋತವರ ಪಕ್ಕದ ಮನೆಯಲ್ಲಿ ಇದ್ದವರಲ್ಲವೆಂದು ಕಾಣುತ್ತದೆ. ದೇಶದ ಅಧ್ಯಕ್ಷರನ್ನು ಆರಿಸುವ ಕೆಲಸವನ್ನು ನನ್ನಂಥ ಗೃಹಿಣಿಗೆ ಯಾರೂ ಒಪ್ಪಿಸಿಲ್ಲ, ಅದಕ್ಕೆ ಬೇರೆ ದೊಡ್ಡವರಿದ್ದಾರೆ. ನಾನು ಆರಿಸಿದ್ದು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿರುವ ನಮ್ಮ ಓಣಿಯ ಮಹಿಳಾ ಮಂಡಳದ ಅಧ್ಯಕ್ಷೆಯನ್ನು. ಒಟ್ಟು ಇಪ್ಪತ್ತೊಂದು ಹೆಂಗಸರ ಮಂಡಳ. ಅಷ್ಟಕ್ಕೇ ನನಗೆ ಎಂಟು ದಿನ ಊಟ ಸೇರಲಿಲ್ಲ. ರಾಷ್ಟ್ರಪತಿಗಳನ್ನು ಆರಿಸುವವರು ಆ ವಾರ ಏನು ಉಣ್ಣುತ್ತಾರೋ ದೇವರೇ ಬಲ್ಲ.

ಒಂಬತ್ತು ವರ್ಷದಿಂದ ನಮಗೆ ಅಧ್ಯಕ್ಷೆ ಎಂದರೆ ಪಕ್ಕದ ಮನೆಯ ಶಕುಂತಲಾ ವೈನಿ. ಇಡೀ ಓಣಿಗೇ ಅವರು ವೈನಿ, ಅಂದರೆ ಅತ್ತಿಗೆ. ಸಂಕ್ರಾಂತಿಗೆ ಅರಿಶಿನ ಕುಂಕುಮ, ವರ್ಷಕ್ಕೊಮ್ಮೆ ಅವರ ತವರೂರಾದ ಅಕ್ಕಲಕೋಟೆಗೆ ದರ್ಶನದ ಪ್ರವಾಸ, ಬರುವಾಗ ಅವರ ಅಣ್ಣನ ಮನೆಯಲ್ಲಿ ಊಟ: ಇದು ಮಂಡಳದ ಕಾರ್ಯಕ್ರಮ. ಪ್ರವಾಸದಲ್ಲಿ ಯಾರು ಕಿಟಕಿಯ ಪಕ್ಕ ಕೂಡಬೇಕೆಂಬುದು ಕೂಡ ಒಂಬತ್ತು ವರ್ಷ ಬದಲಾಗಿರಲಿಲ್ಲ. ಆದರೆ ನಮ್ಮ ಅತ್ತೆ ಹಾಸಿಗೆ ಹಿಡಿದ ಆ ಮೂರು ತಿಂಗಳು ಬೆಳಿಗ್ಗೆ ಹತ್ತರ ಹೊತ್ತಿಗೆ ತಪ್ಪದೆ ಬಂದು, ನಾನು ಸ್ನಾನ ಮುಗಿಸುವ ತನಕ ಅತ್ತೆಯ ಕಾಲೊತ್ತುತ್ತ ಕೂತವರೂ ಇದೇ ವೈನಿ. ಬರುವಾಗ ಸೆರಗಿನಡಿಯಲ್ಲಿ ನಾಲ್ಕು ಬಿಸಿ ಜೋಳದ ಭಕ್ರಿ ಇರುತ್ತಿದ್ದವು. ಅದನ್ನು ಮರೆತರೆ ನಾನು ಮನುಷ್ಯಳಲ್ಲ.

ಈ ಸಲ ಅವರ ಎದುರಿಗೆ ಸುಜಾತಾ ನಿಂತಳು. ವಳಸಂಗದ ಹುಡುಗಿ, ನಮ್ಮ ಓಣಿಗೆ ಸೊಸೆಯಾಗಿ ಬಂದು ಮೂರು ವರ್ಷ. ಮಧ್ಯಾಹ್ನ ಮಂಡಳದ ಕೋಣೆಯ ಬೀಗ ತೆಗೆದಿಡುತ್ತೇನೆ, ಕನ್ನಡ ಮರಾಠಿ ಎರಡೂ ಪುಸ್ತಕ ಇಡುತ್ತೇನೆ, ಬಂದು ಸುಮ್ಮನೆ ಕೂತು ಓದಿ ಹೋಗಿ ಎಂದಳು. ನಮ್ಮ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಮಕ್ಕಳು ಕನ್ನಡದಲ್ಲಿ ಜಗಳವಾಡುತ್ತಾರೆ, ಮರಾಠಿಯಲ್ಲಿ ಓದುತ್ತಾರೆ. ಮಧ್ಯಾಹ್ನ ಎರಡು ತಾಸು ಯಾರೂ ಕರೆಯದ ಒಂದು ಕುರ್ಚಿ ಎಂಬ ಮಾತು ನನ್ನ ಕಿವಿಯಿಂದ ಹೊರಗೆ ಹೋಗಲೇ ಇಲ್ಲ.

ಚೀಟಿ ಬರೆದರೆ ಅಕ್ಷರದ ಗುರುತು ಸಿಗುತ್ತದೆಂದು ಕಾಳಿನ ಓಟು ಮಾಡಿದೆವು. ಪ್ರತಿಯೊಬ್ಬಳ ಕೈಗೂ ಒಂದು ಜೋಳದ ಕಾಳು, ಒಂದು ಕಡಲೆಕಾಳು. ಜೋಳ ವೈನಿಗೆ, ಕಡಲೆ ಸುಜಾತಾಳಿಗೆ. ಬಟ್ಟೆ ಮುಚ್ಚಿದ ಗಡಿಗೆಯಲ್ಲಿ ಕೈಯಿಟ್ಟು ಒಂದನ್ನು ಬಿಡಬೇಕು, ಉಳಿದದ್ದು ಮುಷ್ಟಿಯಲ್ಲೇ ಮನೆಗೆ. ಗಡಿಗೆಯೊಳಗೆ ನನ್ನ ಕೈ ಬಹಳ ಹೊತ್ತು ಇತ್ತಂತೆ. ಹಿಂದಿದ್ದವರು ಬಳೆ ಸಿಕ್ಕಿತೇನೆಂದು ಕೇಳಿದರು. ಕಡೆಗೆ ನಾನು ಬಿಟ್ಟದ್ದು ಕಡಲೆಕಾಳು.

ಎಣಿಸಿದಾಗ ಕಡಲೆ ಹನ್ನೊಂದು, ಜೋಳ ಹತ್ತು. ವೈನಿ ಎದ್ದು ಸುಜಾತಾಳಿಗೆ ಕುಂಕುಮ ಹಚ್ಚಿ, ನಕ್ಕು, ತಮ್ಮ ಒಂದು ಚಪ್ಪಲಿ ಬದಲು ಬೇರೆಯವರ ಚಪ್ಪಲಿಗೆ ಕಾಲು ತೂರಿಸಿ ಹೊರಟರು. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ನನ್ನ ಮುಷ್ಟಿಯಲ್ಲಿ ಉಳಿದ ಜೋಳದ ಕಾಳನ್ನು ಎಸೆಯಲು ಮನಸ್ಸು ಬರದೆ ಅಡುಗೆಮನೆಯ ಜೋಳದ ಡಬ್ಬಿಗೆ ಹಾಕಿದೆ. ಆಮೇಲೆ ಅದು ಯಾವುದೆಂದು ಹುಡುಕುತ್ತ ಡಬ್ಬಿಯ ಮುಂದೆ ನಿಂತದ್ದೂ ಉಂಟು. ನಮ್ಮ ಯಜಮಾನರು ನೋಡಿ, ಹುಳ ಹಿಡಿದಿದೆಯೇ ಎಂದರು. ಹೌದು ಎಂದೆ.

ಮರುದಿನದಿಂದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ವೈನಿಯ ಮನೆಗೆ ಹೋಗಿ, ನಾನಂತೂ ನಿಮಗೇ ಹಾಕಿದ್ದು ಎಂದು ಹೇಳಿ ಬಂದರು. ಗೋಡೆಯ ಈಚೆಯಿಂದ ನಾನು ಎಣಿಸಿದೆ. ಹತ್ತು ಕಾಳಿಗೆ ಹದಿನೆಂಟು ಬಾಯಿ. ಹೋಗದೆ ಉಳಿದವಳು ನಾನೇ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನನ್ನನ್ನು ಹತ್ತು ವರ್ಷ ತಿದ್ದಿದ್ದರು. ನಿಜವನ್ನು ಯಾವ ಮುಖದಿಂದ ಹೇಳಬೇಕೆಂದು ಮಾತ್ರ ಕಲಿಸಲಿಲ್ಲ. ಯಜಮಾನರನ್ನು ಕೇಳಿದರೆ, ಗುಪ್ತ ಮತದಾನ ಎನ್ನುವುದು ಯಾತಕ್ಕಿದೆ, ಸುಮ್ಮನಿರು ಎಂದರು. ಸುಮ್ಮನಿದ್ದೆ. ಆದರೆ ಬಟ್ಟೆ ಒಣಹಾಕುವಾಗ ವೈನಿ ಅತ್ತ ಬದಿಗೆ ಬಂದರೆ ನಾನು ಹಸಿ ಸೀರೆಯ ಹಿಂದೆ ನಿಲ್ಲತೊಡಗಿದೆ. ಇದು ಬಹಳ ದಿನ ನಡೆಯುವ ಸಂಸಾರವಲ್ಲ. ಎಂಟನೆಯ ದಿನ, ಆದದ್ದಾಗಲಿ, ಹೇಳಿಬಿಡುತ್ತೇನೆಂದು ಹೋದೆ.

ವೈನಿ ಒಬ್ಬರೇ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನಾನೂ ಕೂತು ಒಂದು ಕಟ್ಟು ಎಳೆದುಕೊಂಡೆ. ವೈನಿ, ನಿಮಗೊಂದು ಮಾತು ಹೇಳಬೇಕಿತ್ತು ಎನ್ನುವಷ್ಟರಲ್ಲಿ ಅವರು ಎದ್ದುಹೋಗಿ ದೇವರ ಮುಂದಿನ ಬಟ್ಟಲಿಂದ ಏನನ್ನೋ ತಂದು ನನ್ನ ಅಂಗೈ ಮೇಲೆ ಇಟ್ಟರು. ಒಂದು ಜೋಳದ ಕಾಳು.

"ಯಾರ ಮುಂದೂ ಹೇಳಬ್ಯಾಡ ವಿಮಲಾ. ನಾ ಸುಜಾತಾಗ ಹಾಕೀನಿ. ತನ್ನ ಓಟ ತಾನಽ ಹಾಕ್ಕೊಳ್ಳೂದು ಅಂದ್ರ, ಪಂಗ್ತ್ಯಾಗ ಮೊದಲ ತನ್ನ ಎಲಿಗೇ ಬಡಿಸ್ಕೊಂಡಂಗ ಆಗ್ತದ. ಆಕಿನೂ ನಂಗ ಹಾಕ್ತಾಳ ಅನಕೊಂಡಿದ್ದೆ. ಈಗಿನ ಹುಡುಗಿ, ಹಾಕಿಲ್ಲ."

ವೈನಿ ಸೊಪ್ಪಿನ ಕಡ್ಡಿ ಮುರಿಯುತ್ತ, ಹೀಗಾದದ್ದೇ ಒಳ್ಳೆಯದಾಯಿತು ಎಂದರು. ಆ ಒಂದು ಕಾಳು ಈ ಕಡೆ ಬಿದ್ದಿದ್ದರೆ ತಾವೇ ಗೆಲ್ಲುತ್ತಿದ್ದರು. ಅಂದರೆ ಅವರನ್ನು ಸೋಲಿಸಿದವರು ಅವರೇ, ಓಣಿಯಲ್ಲ.

"ಅಟ್ಟ ಮಾತಿಗೆ ಜೀವ ತಣ್ಣಗದ ನೋಡು. ಎಲ್ಲಾರೂ ಬಂದು ಹೇಳಿ ಹೋದ್ರು, ನೀ ಬರಲಿಲ್ಲ. ಖರೆ ಹಾಕಿದಾಕಿ ಯಾಕ ಹೇಳಾಕ ಬರ್ತಾಳ?"

ಅದೇ ಲೆಕ್ಕ ನನ್ನ ಕಾಳಿಗೂ ಹೊಂದುತ್ತಿತ್ತು. ನಾನು ಬಾಯಿ ಬಿಟ್ಟರೆ ಅವರ ಸೋಲಿಗೆ ಇನ್ನೊಬ್ಬಳು ಪಾಲುಗಾರ್ತಿ ಹುಟ್ಟುತ್ತಿದ್ದಳು, ಅದೂ ಪಕ್ಕದ ಮನೆಯಲ್ಲಿ. ಸುಮ್ಮನಿದ್ದದ್ದು ದಯೆಯೋ, ಹೆದರಿಕೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆ ಹೊತ್ತಿಗೆ ಎರಡೂ ಒಂದೇ ಬಣ್ಣದವಾಗಿ ಕಂಡವು. ಮೆಂತ್ಯೆ ಸೋಸಿ ಮುಗಿಸಿದೆ.

ಮಂಡಳದ ಸಾಮಾನು ಅಧ್ಯಕ್ಷೆಯ ಮನೆಯಲ್ಲಿರುವುದು ಪದ್ಧತಿ. ಹೇಗೂ ಬಂದಿದ್ದಿ, ಅಡುಗೆಯ ದೊಡ್ಡ ಪಾತೇಲಿಯನ್ನು ಮುಟ್ಟಿಸಿಬಿಡೋಣ ನಡಿ ಎಂದರು ವೈನಿ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ಓಣಿ ದಾಟಿದೆವು. ಬಾಗಿಲು ತೆಗೆದ ಸುಜಾತಾ ನನ್ನನ್ನು ನೋಡಿ ಸ್ವಲ್ಪ ಬಿಗಿಯಾದಳು. ಆಮೇಲೆ ದೊಡ್ಡ ಮನಸ್ಸು ಮಾಡಿದಳು.

"ಬರ್ರಿ ಕಾಕು. ನೀವು ವೈನಿ ಮಂದಿ ಅಂತ ನಂಗ ಗೊತ್ತದರಿ. ಓಟ ಹಾಕಿಲ್ಲಂತ ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ."

"ಆಕಿ ನಿಂಗ ಹಾಕೂದಽ ಇಲ್ಲ ಬಿಡವಾ," ಎಂದು ನನಗಿಂತ ಮೊದಲು ವೈನಿ ಹೇಳಿದರು, ಎದೆ ಸೆಟೆಸಿ. "ವಿಮಲಾನ ಓಟ ಎಲ್ಲಿ ಹೋಗ್ತದ?"

ನಾನು ಗೆಲ್ಲಿಸಿದವಳು ನನ್ನನ್ನು ಕ್ಷಮಿಸುತ್ತಿದ್ದಳು. ನಾನು ಸೋಲಿಸಿದವರು ನನ್ನ ಬಗ್ಗೆ ಹೆಮ್ಮೆಪಡುತ್ತಿದ್ದರು. ಪಾತೇಲಿಯ ಭಾರಕ್ಕೆ ನನ್ನ ಬೆರಳು ಕೆಂಪಾಗಿದ್ದವು. ಇದನ್ನು ಎಲ್ಲಿ ಇಡಲಿ ಎಂದಷ್ಟೇ ಕೇಳಿದೆ.